ಖಾಜನ ಗದ್ದೆಯ ಕರೀ ಕೆಸರು ಹುಳಿಯಾಗುವದೇಕೆ?

ನಮ್ಮ ಕಡೆಯ ಒಕ್ಕಲಿಗರಿಗೆ ಕೆರೆಯ ಗೋಡು ಎಂದರೆ ಬಂಗಾರವಿದ್ದಂತೆ. ಬೇಸಿಗೆಯಲ್ಲಿ ಕೆರೆ ಬತ್ತಿತೆಂದರೆ ಬಂಡಿ ಹೂಡಿ, ತಳದ ಕರೀ ಮಣ್ಣನ್ನು ಹೇರಿಕೊಂಡು ಹೋಗಿ ಹೊಲಕ್ಕೆ ಹರಡುವದು ಹಿರಿಯರಿಂದ ನಡೆದುಬಂದ ಪದ್ಧತಿ. ಗೋವೆಗೆ ಬಂದು ನೆಲೆಸಿದ ನಾವು ಇದೇ ಬುದ್ಧಿಯನ್ನು ಇಲ್ಲಿಯೂ ಓಡಿಸಿದೆವು. ತಿಸವಾಡಿ ತಾಲೂಕಿನಲ್ಲಿ ಹೊಳೆಯ ಬದಿಯ ಒಂದು ಖಾಜನ ಗದ್ದೆಯನ್ನು ಪಾಲಿಗೆ ಹಿಡಿದ ಮೊದಲನೆಯ ವರ್ಷ, ಬೇಸಿಗೆಯಲ್ಲಿ ಕಾಲುವೆಯ ತಳವನ್ನು ಆಳವಾಗಿ ತೋಡಿಸಿ, ಬಂದ ಕೆಸರನ್ನು ಗದ್ದೆಯ ಒಂದು ಮೂಲೆಗೆ ಗೇಣುದ್ದ ಹರಡಿದೆವು. ಕೆಸರು ಕಾಡಿಗೆಯಂತೆ ಕಪ್ಪು, ಬೆಣ್ಣೆಯಂತೆ ಮೆತ್ತಗೆ. ಕೊಳೆತ ತತ್ತಿಯ ನಾತವೊಂದು ಮಾತ್ರ ಇದ್ದಿತು. ನೆರೆಯ ಗದ್ದೆಯ ಮುದುಕರೊಬ್ಬರು ಬದುವಿನ ಮೇಲೆ ನಿಂತು, "ಮಾಸ್ತರರೇ, ಆ ಮಣ್ಣನ್ನು ನೀರಿನ ಹೊರಗೆ ತರಬೇಡಿರಿ. ಅದು ನೀರಿನ ಕೆಳಗಿದ್ದರೇ ಒಳ್ಳೆಯದು" ಎಂದರು. ಓದಿದವರೆಂಬ ಹಮ್ಮು ನಮಗೆ. ನಕ್ಕು ಸುಮ್ಮನಾದೆವು.

ಎರಡು ತಿಂಗಳಲ್ಲಿ ಆ ಕಪ್ಪು ಬಣ್ಣ ಹೋಗಿ ಬೂದಿಯ ಬಣ್ಣ ಬಂದಿತು. ಹೆಂಟೆಗಳ ಬಿರುಕಿನಲ್ಲಿ ಅರಿಷಿಣದಂಥ ಹಳದಿ ಗೆರೆಗಳೆದ್ದವು. ಮೊದಲ ಮಳೆಗೆ ಆ ಮೂಲೆಯಿಂದ ಹರಿದ ನೀರು ತುಕ್ಕಿನ ಬಣ್ಣಕ್ಕೆ ತಿರುಗಿತು. ಅದು ಸೇರಿದ ಕಾಲುವೆಯಲ್ಲಿ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಆ ಮೂಲೆಯ ಭತ್ತದ ಸಸಿ ಕೆಂಪಡರಿ ಸತ್ತಿತು. ತೂಬಿನ ಮೀನಿನ ಹರಾಜು ಹಿಡಿದವರು ಬಂದು, "ಇದೇನು ಮಾಡಿದಿರಿ?" ಎಂದು ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಕೈಮುಗಿದು ತಪ್ಪೊಪ್ಪಿಕೊಂಡೆವು. ಆ ಮೂಲೆ ಮೂರು ವರ್ಷ ನೆಟ್ಟಗಾಗಲಿಲ್ಲ.

ಊರಿನಲ್ಲಿ ಬಂಗಾರವಾದ ಕೆಲಸ ಇಲ್ಲಿ ವಿಷವಾದುದೇಕೆ? ಇದರ ಉತ್ತರವು ಮಣ್ಣಿನ ರಸಾಯನದಲ್ಲಿಯೂ, ಅದರಲ್ಲಿ ವಾಸಿಸುವ ಏಕಾಣುಜೀವಿಗಳಲ್ಲಿಯೂ, ಅಂದರೆ ಬ್ಯಾಕ್ಟೀರಿಯಾಗಳಲ್ಲಿಯೂ ಇರುವದು. ಗಡಿಯಾಚೆಗೆ ಹೋಗಿ ಪರಊರಿನ ಮಣ್ಣಿನಲ್ಲಿ ದುಡಿಯುವ ನಮ್ಮ ಬಂಧುಗಳು ಇದನ್ನು ತಿಳಿದುಕೊಳ್ಳುವದು ಅವಶ್ಯ. ಆದುದರಿಂದ ಇಂದಿನ ಪಾಠಕ್ಕೆ ಇದನ್ನೇ ಎತ್ತಿಕೊಂಡಿದ್ದೇವೆ.

ಮಣ್ಣಿನೊಳಗಿನ ಒಕ್ಕಲು

ಒಂದು ಚಿಟಿಕೆ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ಏಕಾಣುಜೀವಿಗಳಿರುವವು. ಅವೆಲ್ಲ ಒಂದೇ ಜಾತಿಯವಲ್ಲ, ಸಾವಿರಾರು ಜಾತಿಗಳುಂಟು. ಎಲೆ-ಕಸವನ್ನು ಕೊಳೆಯಿಸುವವು ಕೆಲವು, ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುವವು ಕೆಲವು, ಕಬ್ಬಿಣ-ಗಂಧಕಗಳನ್ನೇ ಹಿಡಿದು ಬದುಕುವವು ಕೆಲವು. ಮೊದಲ ಮಳೆಗೆ ನೆಲದಿಂದ ಏಳುವ ಸುವಾಸನೆಯ ಬಹುಭಾಗವೂ ಇಂಥ ಜೀವಿಗಳು ತಯಾರಿಸಿದ ಒಂದು ದ್ರವ್ಯದ್ದೇ.

ಬಿಳಿಜೋಳ ಜವಳಿನಲ್ಲಿ ಬಾರದು, ಭತ್ತ ಬರಗುಡ್ಡದ ಮೇಲೆ ಬಾರದು. ಅದರಂತೆಯೇ ಈ ಜೀವಿಗಳಿಗೂ ತಮ್ಮ ತಮ್ಮ ನೆಲ ಬೇಕು. ಒಂದು ಗದ್ದೆಯಲ್ಲಿ ಯಾವವು ಹೆಚ್ಚಬೇಕು, ಯಾವವು ಅಡಗಬೇಕು ಎಂಬದನ್ನು ಮುಖ್ಯವಾಗಿ ನಾಲ್ಕು ಸಂಗತಿಗಳು ನಿರ್ಧರಿಸುವವು: ಮಣ್ಣಿನ ಹುಳಿ, ಮಣ್ಣಿನಲ್ಲಿಯ ಗಾಳಿ, ಉಪ್ಪು ಮತ್ತು ಆಹಾರ.

ಇವುಗಳಲ್ಲಿ ಹುಳಿಯದೇ ಹೆಚ್ಚಿನ ಮಾತು. ಮಣ್ಣಿನ ಹುಳಿಯನ್ನು ರಸಸಾರ, ಅಂದರೆ ಪಿ.ಎಚ್., ಎಂಬ ಅಂಕಿಯಿಂದ ಅಳೆಯುವರು. 7 ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಒಂದೊಂದು ಅಂಕಿ ಇಳಿದಂತೆ ಹುಳಿ ಹತ್ತು ಪಟ್ಟು ಏರುವದು. ಆದುದರಿಂದ ರಸಸಾರ 4 ಇರುವ ಮಣ್ಣು 7 ಇರುವದಕ್ಕಿಂತ ಸಾವಿರ ಪಟ್ಟು ಹುಳಿ. ವಿಜಯಪುರದ ಎರೆಮಣ್ಣಿನ ರಸಸಾರ ಸಾಮಾನ್ಯವಾಗಿ 8ರ ಆಸುಪಾಸು. ಗೋವೆಯ ಕೆಂಪು ಜಂಬಿಟ್ಟಿಗೆ ಮಣ್ಣಿನದು 5ರಿಂದ 6ರ ಸುತ್ತ. 2006ರಲ್ಲಿ ಫಿಯರರ್ ಮತ್ತು ಜಾಕ್ಸನ್ ಎಂಬ ಅಮೇರಿಕದ ವಿಜ್ಞಾನಿಗಳು ಉತ್ತರ-ದಕ್ಷಿಣ ಅಮೇರಿಕ ಖಂಡಗಳ ನಾನಾ ಕಡೆಯ ಮಣ್ಣುಗಳನ್ನು ಹೋಲಿಸಿ ನೋಡಿದರು. ಏಕಾಣುಜೀವಿಗಳ ಬಗೆಗಳು ಹೆಚ್ಚು-ಕಡಿಮೆಯಾಗುವದು ಚಳಿ-ಸೆಕೆಗಳಿಗಿಂತ ಮಣ್ಣಿನ ರಸಸಾರವನ್ನೇ ಅನುಸರಿಸಿತ್ತು. 7ರ ಹತ್ತಿರದ ಮಣ್ಣಿನಲ್ಲಿ ಬಗೆಗಳು ಹೆಚ್ಚು. ಹುಳಿ ಮಣ್ಣಿನಲ್ಲಿ ಕಡಿಮೆ.

ಒಕ್ಕಲಿಗನ ಕೈಯೇ ಈ ಹುಳಿಯನ್ನು ಹೇಗೆ ಬದಲಿಸುವದೆಂಬದಕ್ಕೆ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ಡಿನಲ್ಲಿ ಒಂದು ದೊಡ್ಡ ಸಾಕ್ಷಿ ಇದೆ. ಅಲ್ಲಿ 1856ರಿಂದ ಒಂದೇ ಹುಲ್ಲುಗಾವಲನ್ನು ತುಂಡುಗಳಾಗಿ ಹಂಚಿ ಬೇರೆ ಬೇರೆ ಗೊಬ್ಬರ ಹಾಕುತ್ತ ಬಂದಿದ್ದಾರೆ. ಸುಣ್ಣವಿಲ್ಲದೆ ವರ್ಷ ವರ್ಷವೂ ಅಮೋನಿಯಂ ಸಲ್ಫೇಟ್ ಬಿದ್ದ ತುಂಡುಗಳಲ್ಲಿ ರಸಸಾರ 4ರ ಕೆಳಗಿಳಿಯಿತು. ಸತ್ತ ಹುಲ್ಲು ಕೊಳೆಯದೆ ನೆಲದ ಮೇಲೆ ಚಾಪೆಯಂತೆ ಕೂಡಿಕೊಂಡಿತು. ಕೊಳೆಯಿಸುವ ಕೆಲಸಗಾರರು ಅಲ್ಲಿ ಸೋತುಹೋಗಿದ್ದರು.

ಖಾಜನ ಗದ್ದೆ ಎಂದರೇನು?

ಗೋವೆಯವರು ಭತ್ತದ ಭೂಮಿಯನ್ನು ಮೂರು ಬಗೆಯಾಗಿ ಎಣಿಸುವರು. ಗುಡ್ಡದ ಇಳುಕಲಿನ ಮಟ್ಟುಗದ್ದೆ ಮೊರಡ. ನಡುವಿನ ಉಸುಕು ಭೂಮಿ ಖೇರ. ಹೊಳೆಯ ಬದಿಯ ತಗ್ಗಿನ ಉಪ್ಪುಗದ್ದೆ ಖಾಜನ. ಮಾಂಡವಿ, ಜುವಾರಿ ಹೊಳೆಗಳಲ್ಲಿ ಸಮುದ್ರದ ಭರತವು ಬಹಳ ದೂರ ಒಳಗೆ ಏರಿ ಬರುವದು. ಆ ಉಪ್ಪುನೀರನ್ನು ಮಣ್ಣಿನ ಒಡ್ಡು ಕಟ್ಟಿ ತಡೆದು, ಒಡ್ಡಿನಲ್ಲಿ ಮಾನಸ್ ಎಂಬ ತೂಬು ಇಟ್ಟು ಹಿಂದಿನವರು ಈ ಗದ್ದೆಗಳನ್ನು ಮಾಡಿದರು. ತೂಬಿನ ಕಟ್ಟಿಗೆಯ ಕದ ಭರತದ ಒತ್ತಡಕ್ಕೆ ತಾನೇ ಮುಚ್ಚುವದು, ಇಳಿತಕ್ಕೆ ತಾನೇ ತೆರೆಯುವದು. ಒಳಗಿನ ನೀರೆಲ್ಲ ಪೊಯಿಂ ಎಂಬ ಹೊಂಡಕ್ಕೆ ಬಂದು ಸೇರುವದು. ಮಳೆಗಾಲದಲ್ಲಿ ಭತ್ತ, ಉಳಿದ ದಿನಗಳಲ್ಲಿ ಮೀನು-ಸಿಗಡಿ. ಹಿಂದೆ ಒಡ್ಡು-ತೂಬುಗಳ ಕಾಳಜಿ ಗಾಂವಕಾರಿಯದು, ಅಂದರೆ ಪೋರ್ತುಗೀಜರು ಕೊಮುನಿದಾದ್ ಎಂದು ಕರೆದ ಊರ ಸಂಘದ್ದು. 1961ರ ಡಿಸೆಂಬರದಲ್ಲಿ ಗೋವೆ ವಿಮೋಚನೆ ಹೊಂದಿತು. 1964ರಲ್ಲಿ ಗೇಣಿದಾರರ ಕಾಯಿದೆ ಬಂದಿತು. ಮುಂದೆ ಒಡ್ಡುಗಳ ಹೊಣೆ ಗೇಣಿದಾರರ ಸಂಘಗಳಿಗೆ ಬಿದ್ದಿತು.

ಕುಮಟೆಯ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಯೂ ಇದೇ ಕುಲದ್ದು. ಅಲ್ಲಿಯ ಕಗ್ಗ ಭತ್ತವೂ ಇಲ್ಲಿಯ ಕೊರಗುಟ್ ಭತ್ತವೂ ಉಪ್ಪು ತಾಳುವ ಅಣ್ಣತಮ್ಮಂದಿರಿದ್ದಂತೆ. ಕಾಸರಗೋಡು, ಕಣ್ಣೂರುಗಳ ಕೈಪಾಡ್ ಗದ್ದೆಯೂ ಇದೇ ಬಗೆಯದು. ಆದರೆ ಬಯಲುಸೀಮೆಯಿಂದ ಬಂದ ನಮ್ಮಂಥವರಿಗೆ ಇದು ಹೊಸ ನೆಲ.

ನೀರು ನಿಂತಾಗ ಪಾಳಿಯ ಕೆಲಸ

ಗದ್ದೆಗೆ ನೀರು ನಿಂತಿತೆಂದರೆ ಮಣ್ಣಿನಲ್ಲಿಯ ಗಾಳಿಗೆ ದಾರಿ ಕಟ್ಟಿತು. ಇದ್ದ ಅಷ್ಟಿಷ್ಟು ಪ್ರಾಣವಾಯುವನ್ನು ಜೀವಿಗಳು ಒಂದೆರಡು ದಿನಗಳಲ್ಲಿಯೇ ತೀರಿಸಿಬಿಡುವವು. ಬಳಿಕ ಗಾಳಿ ಇಲ್ಲದೆ ಬದುಕಬಲ್ಲವುಗಳ ಪಾಳಿ ಮೊದಲಾಗುವದು. ಒಂದು ಗುಂಪು ನೈಟ್ರೇಟಿನಲ್ಲಿಯ ಪ್ರಾಣವಾಯುವನ್ನು ಕಿತ್ತುಕೊಂಡು ಸಾರಜನಕವನ್ನು ಗಾಳಿಗೆ ಬಿಟ್ಟುಬಿಡುವದು. ಅದು ತೀರಿದ ಮೇಲೆ ಮ್ಯಾಂಗನೀಸು, ಅದರ ಹಿಂದೆ ಕಬ್ಬಿಣ. ಕೆಂಪು ಮಣ್ಣು ನೀರಿನಲ್ಲಿ ನಿಂತು ಬೂದಿ-ನೀಲಿಗೆ ತಿರುಗುವದು ಕಬ್ಬಿಣದ ಪಾಳಿಯ ಗುರುತು. ಅದರ ಬಳಿಕ ಸಲ್ಫೇಟಿನಿಂದ ಉಸಿರು ತೆಗೆಯುವ ಜೀವಿಗಳು ಬರುವವು. ಇವು ಬಿಡುವ ಗಂಧಕದ ಅನಿಲವೇ ಕೊಳೆತ ತತ್ತಿಯ ನಾತ. ಇಂಥ ಜೀವಿಯನ್ನು ಮೊದಲು ಬೇರ್ಪಡಿಸಿ ತೋರಿಸಿದವರು ಹಾಲೆಂಡಿನ ಬೈಯರಿಂಕ್, 1895ರಲ್ಲಿ. ಎಲ್ಲಕ್ಕೂ ಕಡೆಗೆ ಮೀಥೇನ್ ಅನಿಲ ಮಾಡುವ ಜೀವಿಗಳು.

ಇದರಲ್ಲಿ ಒಂದು ಉಪಕಾರವೂ ಉಂಟು. ಕಬ್ಬಿಣದ ಪಾಳಿಯಲ್ಲಿ ಮಣ್ಣಿನ ಹುಳಿ ಖರ್ಚಾಗುವದು. ಹುಳಿ ಮಣ್ಣಿಗೆ ಕೆಲವು ವಾರ ನೀರು ನಿಲ್ಲಿಸಿದರೆ ರಸಸಾರ ತಾನಾಗಿಯೇ 6.5-7ರ ಕಡೆಗೆ ಏರುವದೆಂದು ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಸಿಂಹಳದ ವಿಜ್ಞಾನಿ ಪೊನ್ನಂಪೆರುಮ ಅವರು 1972ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಬಹಳ ಹುಳಿಯಾದ, ಕಬ್ಬಿಣ ಕಡಿಮೆಯಾದ ಮಣ್ಣಿಗೆ ಮಾತ್ರ ಇದು ನಿಧಾನ.

ಗುಡ್ಡದ ಕಬ್ಬಿಣ, ಸಮುದ್ರದ ಗಂಧಕ

ಈಗ ಖಾಜನದ ಗುಟ್ಟಿಗೆ ಬರೋಣ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟು ಇರುವದು. ಕೆರೆಯ ಸಿಹಿನೀರಿನಲ್ಲಿ ಇದರ ಬಹು ಸಣ್ಣ ಅಂಶ ಮಾತ್ರ. ಖಾಜನದ ತಗ್ಗಿನಲ್ಲಿ ಕಾಂಡ್ಲ ಗಿಡಗಳ ಬೇರು-ಎಲೆ ಕೊಳೆತು ಆಹಾರ ದಂಡಿಯಾಗಿ ಸಿಕ್ಕಿತು. ಭರತವು ದಿನಕ್ಕೆ ಎರಡು ಸಲ ಸಲ್ಫೇಟು ತಂದು ಸುರಿಯಿತು. ಮಳೆಯು ಗೋವೆಯ ಗುಡ್ಡಗಳ ಕೆಂಪು ಕಬ್ಬಿಣವನ್ನು ತೊಳೆದು ತಂದಿತು. ನೀರಿನ ಕೆಳಗೆ, ಗಾಳಿ ಇಲ್ಲದಲ್ಲಿ, ಸಲ್ಫೇಟಿನ ಜೀವಿಗಳು ನೂರಾರು ವರ್ಷ ದುಡಿದವು. ಅವು ಬಿಟ್ಟ ಗಂಧಕವೂ ಗುಡ್ಡದ ಕಬ್ಬಿಣವೂ ಕೂಡಿಕೊಂಡು ಕಪ್ಪಾದ ಕಬ್ಬಿಣದ ಸಲ್ಫೈಡ್ ಆಯಿತು, ಕಾಲಾಂತರದಲ್ಲಿ ಪೈರೈಟ್ ಎಂಬ ಖನಿಜವಾಯಿತು. ನಮ್ಮ ಕೆಸರಿನ ಕಾಡಿಗೆ ಬಣ್ಣ ಇದೇ.

ಈ ಖನಿಜ ನೀರಿನ ಕೆಳಗಿರುವ ವರೆಗೆ ಯಾರಿಗೂ ತೊಂದರೆ ಕೊಡುವದಿಲ್ಲ. ಆದರೆ ಅದಕ್ಕೆ ಗಾಳಿ ತಗಲಿತೆಂದರೆ ಬೇರೊಂದು ಗುಂಪಿನ ಜೀವಿಗಳು ಎದ್ದು ಕೂಡುವವು. ಇವು ಕಬ್ಬಿಣ ಮತ್ತು ಗಂಧಕವನ್ನು ಪ್ರಾಣವಾಯುವಿನೊಡನೆ ಕೂಡಿಸಿ ಅದರಿಂದ ಬರುವ ಶಕ್ತಿಯಿಂದಲೇ ಬದುಕುವವು. ಉಳಿದವು ಸಾಯುವಂಥ ಹುಳಿಯೇ ಇವಕ್ಕೆ ಹಿತ. ಗಣಿಗಳ ಹುಳಿನೀರಿನಲ್ಲಿ ಇಂಥ ಜೀವಿಗಳಿರುವದನ್ನು 1947ರಲ್ಲಿ ಅಮೇರಿಕದಲ್ಲಿ ಕಂಡುಹಿಡಿದರು. ಹುಳಿ ಹೆಚ್ಚಾದಂತೆ ಇವುಗಳ ಕೆಲಸ ಚುರುಕು, ಕೆಲಸ ಚುರುಕಾದಂತೆ ಹುಳಿ ಇನ್ನೂ ಹೆಚ್ಚು. ಹೀಗೆ ಹುಟ್ಟುವದು ಗಂಧಕಾಮ್ಲ. ಲೆಕ್ಕ ಹಾಕಿದರೆ 1 ಕಿಲೊ ಪೈರೈಟಿನಿಂದ ಸುಮಾರು 1.6 ಕಿಲೊ ಗಂಧಕಾಮ್ಲ ಬರುವದು. ಅದನ್ನು ಶಾಂತಪಡಿಸಲು ಸುಮಾರು ಅಷ್ಟೇ ತೂಕದ ಸುಣ್ಣಕಲ್ಲಿನ ಪುಡಿ ಬೇಕು. ಹುಳಿಗೆ ಮಣ್ಣಿನಲ್ಲಿಯ ಕಬ್ಬಿಣ, ಅಲ್ಯುಮಿನಿಯಂ ಕರಗಿ ಸಸಿಯ ಬೇರನ್ನು ಸುಡುವವು, ರಂಜಕವನ್ನು ಬಿಗಿಹಿಡಿದುಕೊಳ್ಳುವವು, ಮಳೆನೀರಿನೊಡನೆ ಹರಿದು ಮೀನನ್ನು ಕೊಲ್ಲುವವು. ನಮ್ಮ ಮೂಲೆಯಲ್ಲಿ ಕಂಡ ಹಳದಿ ಗೆರೆ, ತುಕ್ಕಿನ ನೀರು, ಸತ್ತ ಮೀನು ಇವೆಲ್ಲ ಒಂದೇ ಕಥೆಯ ಪುಟಗಳು.

ಹಾಗಾದರೆ ಊರಿನ ಕೆರೆಗೋಡು ಹುಳಿಯಾಗುವದಿಲ್ಲವೇಕೆ? ಒಂದು, ಆ ನೀರಿನಲ್ಲಿ ಸಲ್ಫೇಟು ಕಡಿಮೆ, ಆದುದರಿಂದ ಪೈರೈಟ್ ಕೂಡಿಬೀಳುವದಿಲ್ಲ. ಎರಡು, ಎರೆಭೂಮಿಯಲ್ಲಿ ಸುಣ್ಣದ ಹರಳುಗಳೇ ಇರುವವು; ಚೂರುಪಾರು ಹುಳಿ ಹುಟ್ಟಿದರೂ ಅಲ್ಲಿಯೇ ಅಡಗುವದು. ಎರಡೂ ಕರೀ ಮಣ್ಣೇ, ಆದರೆ ಕಪ್ಪಾದ ಕಾರಣ ಬೇರೆ. ನೆರೆಯ ಮುದುಕರಿಗೆ ಪೈರೈಟಿನ ಹೆಸರು ಗೊತ್ತಿರಲಿಲ್ಲ. ಅದರ ನಡತೆ ಗೊತ್ತಿದ್ದಿತು.

ಗೊಬ್ಬರದ ಮಾತು

ಅಮೋನಿಯಂ ಗೊಬ್ಬರವು ಗಾಳಿಯಾಡುವ ಮಣ್ಣಿಗೆ ಬಿದ್ದರೆ ಏಕಾಣುಜೀವಿಗಳು ಅದನ್ನು ನೈಟ್ರೇಟಾಗಿ ಮಾರ್ಪಡಿಸುವವು. ಆ ಕೆಲಸದಲ್ಲಿ ಹುಳಿ ಹುಟ್ಟುವದು. 100 ಕಿಲೊ ಅಮೋನಿಯಂ ಸಲ್ಫೇಟಿನ ಹುಳಿಗೆ ಸುಮಾರು 110 ಕಿಲೊ ಸುಣ್ಣಕಲ್ಲಿನ ಪುಡಿ ಬೇಕೆಂದು ಲೆಕ್ಕ. ಎರೆಹೊಲದಲ್ಲಿ ಇದು ಗೊತ್ತೇ ಆಗುವದಿಲ್ಲ. ಗೋವೆಯ ಮೊರಡದ ಕೆಂಪು ಮಣ್ಣಿನಲ್ಲಿ ಅದೇ ಚೀಲ ವರ್ಷ ವರ್ಷವೂ ಬಿದ್ದರೆ ಹುಳಿ ಹೆಚ್ಚುತ್ತ ಹೋಗುವದು. ಖಾಜನದಲ್ಲಿಯಂತೂ ಇದರ ಸಲ್ಫೇಟು ತತ್ತಿನಾತದ ಜೀವಿಗಳಿಗೆ ಇನ್ನೊಂದು ತುತ್ತು. ಅಲ್ಲಿ ಯೂರಿಯಾ ಮೇಲು. ಅದನ್ನೂ ನಿಂತ ನೀರಿನ ಮೇಲೆ ಎರಚದೆ, ನೀರು ತೆಳುವಾಗಿಸಿ ಕೆಸರಿನಲ್ಲಿ ಸೇರುವಂತೆ ಎರಡು-ಮೂರು ಕಂತಿನಲ್ಲಿ ಕೊಡಬೇಕು. ಗದ್ದೆ ಒಮ್ಮೆ ಒಣಗಿ ಒಮ್ಮೆ ತುಂಬಿದರೆ ನೈಟ್ರೇಟು ಹುಟ್ಟುವದು, ಹುಟ್ಟಿದ್ದು ಗಾಳಿಗೆ ಹೋಗುವದು, ದುಡ್ಡು ಹಾರಿದಂತೆಯೇ.

ಹಸೀ ಹುಲ್ಲನ್ನು ನಾಟಿಯ ಮುಂಚೆ ಖಾಜನದ ಕೆಸರಿನಲ್ಲಿ ತುಳಿಯಬಾರದು. ಅದು ಗಂಧಕದ ಅನಿಲವನ್ನು ಹೆಚ್ಚಿಸಿ ಬೇರನ್ನು ಕಪ್ಪಾಗಿಸುವದು. ತಿಪ್ಪೆಯಲ್ಲಿ ಚೆನ್ನಾಗಿ ಕಳಿತ ಗೊಬ್ಬರವಾದರೆ ಚಿಂತೆಯಿಲ್ಲ. ಅಂಗಡಿಯಲ್ಲಿ ಸಿಗುವ ಜೀವಾಣು ಗೊಬ್ಬರದ ಪೊಟ್ಟಣಗಳ ಬಗ್ಗೆಯೂ ಒಂದು ಮಾತು: ಹುಳಿ-ಉಪ್ಪುಗಳನ್ನು ಸರಿಪಡಿಸದ ನೆಲಕ್ಕೆ ಇವನ್ನು ಸುರಿದರೆ, ಮನೆಯೇ ಇಲ್ಲದ ಊರಿಗೆ ಒಕ್ಕಲು ತಂದಂತಾಗುವದು. ಮೊದಲು ಮನೆ, ಆಮೇಲೆ ಒಕ್ಕಲು.

ಅಲಸಂದೆಯ ಗಂಟು ಹೇಳುವ ಸುದ್ದಿ

ಭತ್ತದ ಹಿಂದೆ ಖೇರ ಭೂಮಿಯಲ್ಲಿ ಗೋವೆಯವರು ಅಳ್ಸಾಂದೊ ಬಿತ್ತುವರು. ಅದು ನಮ್ಮ ಅಲಸಂದೆಯೇ. ಇದರ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿಯುವ ಜೀವಿಗಳ ವಾಸ. ಹೂವಾಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣುಸಹಿತ ಮೆಲ್ಲಗೆ ಎಬ್ಬಿಸಿ, ಬೇರು ತೊಳೆದು, ಒಂದು ಗಂಟನ್ನು ಉಗುರಿನಿಂದ ಸೀಳಿರಿ. ಒಳಗೆ ಕೆಂಪು-ಗುಲಾಬಿ ಇದ್ದರೆ ಕೆಲಸ ನಡೆದಿದೆ. ಬಿಳಿ ಅಥವಾ ಹಸಿರು ಇದ್ದರೆ, ಇಲ್ಲವೆ ಗಂಟುಗಳೇ ವಿರಳವಾಗಿದ್ದರೆ, ಮಣ್ಣಿನ ಹುಳಿಯನ್ನು ಮೊದಲು ಶಂಕಿಸಬೇಕು. ಸ್ವಲ್ಪ ಚಿಪ್ಪಿನ ಸುಣ್ಣ ಬಿದ್ದ ಪಟ್ಟಿಯಲ್ಲಿಯೂ ಬೀಳದ ಪಟ್ಟಿಯಲ್ಲಿಯೂ ಗಂಟು ಎಣಿಸಿ ನೋಡಿದರೆ ವ್ಯತ್ಯಾಸ ಮಕ್ಕಳಿಗೂ ತಿಳಿಯುವದು.

ಮನೆಯಲ್ಲಿ ಮಾಡುವ ಪರೀಕ್ಷೆ

ಕೆಸರು ಒಳ್ಳೆಯದೋ ಹುಳಿಯಾಗುವಂಥದೋ ಎಂಬದನ್ನು ಹರಡುವ ಮೊದಲೇ ತಿಳಿಯಬಹುದು. ಶಾಲೆಯ ಮಕ್ಕಳೂ ಇದನ್ನು ಮಾಡಬಹುದು.

1. ಕಾಲುವೆಯ ತಳದ ಕೆಸರನ್ನು ಒಂದು ಸೇರಿನಷ್ಟು ತೆಗೆಯಿರಿ. ಅರ್ಧವನ್ನು ಶೀಶೆಯಲ್ಲಿ ಅದೇ ನೀರು ತುಂಬಿ ಬಿಗಿಯಾಗಿ ಮುಚ್ಚಿಡಿರಿ.

2. ಇನ್ನರ್ಧವನ್ನು ತೆಂಗಿನ ಕರಟಗಳಲ್ಲಿ ಬೆರಳು ದಪ್ಪ ಹರಡಿ ನೆರಳಿನಲ್ಲಿಡಿರಿ. ಪೂರ್ತಿ ಒಣಗಗೊಡಬೇಡಿರಿ, ಮಳೆನೀರು ಇಲ್ಲವೆ ಶುದ್ಧನೀರನ್ನು ಚಿಮುಕಿಸಿ ತೇವವಾಗಿಡಿರಿ. ಹೀಗೆ ಎರಡು ತಿಂಗಳು.

3. ಬಳಿಕ ಎರಡನ್ನೂ ಬೇರೆ ಬೇರೆ ಲೋಟದಲ್ಲಿ ಅಂಥದೇ ನೀರಿನಲ್ಲಿ ಕದಡಿ, ತಿಳಿಯಾಗಲು ಬಿಟ್ಟು, ತಿಳಿನೀರನ್ನು ಬಸಿದುಕೊಳ್ಳಿರಿ.

4. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ಹಿಚುಕಿ ರಸ ತೆಗೆದು ಕೆಲವು ಹನಿ ಹಾಕಿರಿ. ಗಾಢ ಗುಲಾಬಿ-ಕೆಂಪು ಬಂದರೆ ಹುಳಿ. ಹಸಿರು ಬಂದರೆ ಕ್ಷಾರ. ಪಿ.ಎಚ್. ಕಾಗದ ಸಿಕ್ಕರೆ ಅಂಕಿಯೂ ತಿಳಿಯುವದು.

ಶೀಶೆಯ ಮಣ್ಣು ಸಪ್ಪೆಯಾಗಿದ್ದು ಕರಟದ್ದು ಕೆಂಪಾದರೆ, ಅಥವಾ ಕರಟದಲ್ಲಿ ಹಳದಿ ಗೆರೆ ಎದ್ದರೆ, ಆ ಕೆಸರು ಗದ್ದೆಗೆ ಬೇಡ. ಮಣ್ಣನ್ನು ನಾಲಿಗೆಗೆ ಹಚ್ಚಿ ಮಾತ್ರ ನೋಡಬೇಡಿರಿ.

ಮಾಡತಕ್ಕದ್ದು, ಬಿಡತಕ್ಕದ್ದು

ಖಾಜನದ ಮೇಲ್ಮಣ್ಣು ತಲೆಮಾರುಗಳಿಂದ ಮಳೆಗೆ ತೊಳೆದು ಹದವಾದುದು. ಅಪಾಯವಿರುವದು ಅದರ ಕೆಳಗೆ. ಆದುದರಿಂದ ಆಳವಾಗಿ ಉಳಬಾರದು, ಆಳವಾದ ಬಸಿಗಾಲುವೆ ತೋಡಬಾರದು. ಕಾಲುವೆಯ ಹೂಳು ತೆಗೆಯಲೇಬೇಕಾದರೆ ಅದನ್ನು ಗದ್ದೆಗೆ ಹರಡದೆ, ನೀರಿನ ಮಟ್ಟದ ಕೆಳಗೇ ಉಳಿಯುವಂತೆ ಹಾಕಬೇಕು.

ಬೇಸಿಗೆಯಲ್ಲಿ ಗದ್ದೆಯ ತಳ ಬಿರಿಯುವಂತೆ ಒಣಗಗೊಡಬಾರದು. ಮೊದಲ ಒಂದೆರಡು ಮಳೆಯ ನೀರನ್ನು ಗದ್ದೆಯಲ್ಲಿ ನಿಲ್ಲಿಸಿ, ಕದಡಿ, ಇಳಿತದ ಹೊತ್ತಿಗೆ ತೂಬಿನಿಂದ ಹೊರಗೆ ಬಿಟ್ಟರೆ ಉಪ್ಪೂ ಹುಳಿಯೂ ಕೂಡಿಯೇ ಹೋಗುವವು. ಆಮೇಲೆ ಸಿಹಿನೀರು ಎರಡು-ಮೂರು ವಾರ ನಿಂತ ಬಳಿಕ ನಾಟಿ. ಹಳದಿ ಎದ್ದ ತುಂಡಿಗೆ ಸುಣ್ಣ ಬೇಕು. ಎಷ್ಟೆಂಬದನ್ನು ಮಣ್ಣು ಪರೀಕ್ಷೆಯಿಂದಲೇ ತಿಳಿಯಬೇಕು. 2015ರಿಂದ ಕೊಡಲಾಗುವ ಮಣ್ಣು ಆರೋಗ್ಯ ಚೀಟಿಯಲ್ಲಿ ಏಕಾಣುಜೀವಿಗಳ ಹೆಸರಿಲ್ಲ. ಆದರೂ ಅದರಲ್ಲಿಯ ರಸಸಾರ ಮತ್ತು ಲವಣದ ಅಂಕಿಗಳನ್ನು ನೋಡಿದರೆ ನಿಮ್ಮ ನೆಲದಲ್ಲಿ ಯಾವ ಬಗೆಯ ಒಕ್ಕಲಿರಬಹುದೆಂದು ಊಹಿಸಬಹುದು. ಮಣ್ಣನ್ನು ನಿಮ್ಮ ವಲಯ ಕೃಷಿ ಕಚೇರಿಗೆ ಒಯ್ಯಿರಿ. ಬೀಜಕ್ಕೆ ಹಳೆಯ ಕೊರಗುಟ್ ಇದೆ. ಹಳೆಯ ಗೋವೆಯ ಎಲಾದಲ್ಲಿರುವ ಕೇಂದ್ರ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆಯವರು ಅದರಿಂದಲೇ ಆರಿಸಿ ತೆಗೆದ ಗೋವಾ ಧಾನ್ 1 ಮತ್ತು 2 ಎಂಬ ತಳಿಗಳೂ ಇವೆ.

ಕಡೆಯದಾಗಿ ಒಂದು ಮಾತು. ಹೊಲದಲ್ಲಿ ಮಾಡಿದ ತಪ್ಪು ಬಹುಮಟ್ಟಿಗೆ ಹೊಲದ ಒಡೆಯನದೇ. ಖಾಜನದಲ್ಲಿ ಹಾಗಲ್ಲ, ಎಲ್ಲರ ನೀರೂ ಒಂದೇ ಪೊಯಿಂಗೆ ಸೇರಿ ಒಂದೇ ತೂಬಿನಿಂದ ಹೊರಬೀಳುವದು. ಒಬ್ಬನ ಗದ್ದೆಯ ಹುಳಿ ಇನ್ನೊಬ್ಬನ ಸಸಿಯನ್ನೂ ಮತ್ತೊಬ್ಬನ ಮೀನನ್ನೂ ಮುಟ್ಟುವದು. ಇಂದು ಎಷ್ಟೋ ಖಾಜನಗಳು ಒಡ್ಡು ಒಡೆದು, ಕಾಂಡ್ಲ ಬೆಳೆದು ಪಾಳು ಬಿದ್ದಿವೆ. ಅಂಥಲ್ಲಿ ಗೇಯಲು ಮುಂದೆ ಬರುವವರಲ್ಲಿ ನಮ್ಮವರೂ ಇದ್ದಾರೆ. ನಾವು ತಂದ ಅನುಭವ ಕೆಟ್ಟದ್ದಲ್ಲ. ಆದರೆ ಅದು ಬೇರೆ ಮಣ್ಣಿನ ಅನುಭವ. ಹಾರೆ ಹಾಕುವ ಮೊದಲು ಬದುವಿನ ಮೇಲಿನ ಹಿರಿಯರನ್ನು ಕೇಳಿರಿ. ನಾವು ಕೇಳಲಿಲ್ಲ, ಮೂರು ವರ್ಷ ತೆತ್ತೆವು.

ನಾಲ್ಕನೆಯ ವರ್ಷ ಸುಣ್ಣ ಹಾಕಿ, ನೀರು ನಿಲ್ಲಿಸಿ ಆ ಮೂಲೆಯಲ್ಲಿ ಕೊರಗುಟ್ ಬಿತ್ತಿದೆವು. ತೆನೆ ಬಂದ ದಿನ ಆ ಮುದುಕರು ಬಂದು ನೋಡಿ, "ಈಗ ಮಣ್ಣು ಸಮಾಧಾನವಾಯಿತು" ಎಂದರು. ಇಷ್ಟುದ್ದದ ಈ ಪಾಠವನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದ್ದರು.

ಓದಿದವರು ವಿಚಾರಿಸಬೇಕಾದ ಪ್ರಶ್ನೆಗಳು: (1) ಕೆರೆಗೋಡಿಗೂ ಖಾಜನದ ಕೆಸರಿಗೂ ಇರುವ ಎರಡು ಭೇದಗಳಾವವು? (2) ಕೊಳೆತ ತತ್ತಿಯ ನಾತ ಯಾವ ಜೀವಿಗಳ ಗುರುತು? (3) ಒಂದೇ ಗೊಬ್ಬರ ಎರೆಯಲ್ಲಿ ತಡೆದು ಕೆಂಪು ಮಣ್ಣಿನಲ್ಲಿ ಹುಳಿಯಾಗುವದೇಕೆ? (4) ನಿಮ್ಮ ಊರಿನಲ್ಲಿ ಕರಟದ ಪರೀಕ್ಷೆ ಮಾಡಿದಾಗ ಏನು ಕಂಡಿರಿ? ನಾಲ್ಕನೆಯದರ ಉತ್ತರವನ್ನು ಪತ್ರಿಕೆಗೆ ಬರೆದು ತಿಳಿಸಿದರೆ ಎಲ್ಲರಿಗೂ ಉಪಯೋಗವಾದೀತು.